ಏಳನೆಯ ಬಾಗಿಲು, ಸಂಜೆ ಆರರವರೆಗೆ

“ವೈಕುಂಠಕ್ಕೂ ಕೈಗೆ ಪಟ್ಟಿ ಕಟ್ಟಿಸ್ಕೊಂಡು ಹೋಗ್ಬೇಕೇನಪ್ಪಾ?”

ಕೋದಂಡರಾಮಯ್ಯನವರು ಇದನ್ನು ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಕೇಳಿಸಿಕೊಂಡವರೂ ಇರಲಿಲ್ಲ. ಗೇಟಿನಲ್ಲಿ ನಿಂತಿದ್ದ ಹುಡುಗಿ ಅವರ ಮುಂಗೈಗೆ ಹಳದಿ ಕಾಗದದ ಪಟ್ಟಿ ಸುತ್ತಿ, ಅಂಟಿಸಿ, ಅಷ್ಟರೊಳಗೆ ಹಿಂದಿನವರ ಕೈ ಹಿಡಿದಾಗಿತ್ತು. ಪಟ್ಟಿಯ ಒಂದು ಕಡೆ ಶಂಖ, ಇನ್ನೊಂದು ಕಡೆ ಚಕ್ರ, ನಡುವೆ ನಾಮ ಇರಬೇಕಾದಲ್ಲಿ ಯಾವುದೋ ಐಸ್‌ಕ್ರೀಮ್ ಕಂಪನಿಯ ಗುರುತು. ಅವರು ಅದನ್ನು ಕಣ್ಣಿಗೊತ್ತಿಕೊಳ್ಳಲು ಹೋಗಿ, ಐಸ್‌ಕ್ರೀಮ್ ಕಂಡು ಕೈ ಇಳಿಸಿದರು.

“ತಾತಾ, ಕಿತ್ತುಗಿತ್ ಹಾಕ್ಬಿಟ್ಟೀಯ. ಅದಿಲ್ದಿದ್ರೆ ಒಳಗೆ ಬಿಡಲ್ಲ,” ಎಂದಳು ಮೊಮ್ಮಗಳು ಮೇಘನ.

“ಹೊರಗಾದ್ರೂ ಬಿಡ್ತಾರೇನೇ?” ಎಂದು ಅವರ ಹೆಂಡತಿ ಅಕ್ಕಯ್ಯಮ್ಮ ತಮ್ಮ ಪಟ್ಟಿಯನ್ನು ಬಳೆಗಳ ಹಿಂದಕ್ಕೆ ತಳ್ಳಿಕೊಂಡರು.

ಅದು ಅರಿಶಿನಕುಂಟೆಯ ಆಚೆಗೆ, ಹೆದ್ದಾರಿ ಬಿಟ್ಟು ಒಳಕ್ಕೆ ಹೋದರೆ ಸಿಗುವ ‘ನಂದನಲೋಕ’ ಎಂಬ ಪಾರ್ಕು. ಬೇಸಿಗೆಯಲ್ಲಿ ಜನ ಅಲ್ಲಿ ನೀರಾಟ ಆಡುತ್ತಾರೆ, ಉಳಿದಂತೆ ರಾಟೆ ತೊಟ್ಟಿಲಿನಲ್ಲಿ ಕೂತು ಕಿರುಚುತ್ತಾರೆ. ಈ ಸಲ ವರ್ಷದ ಕೊನೆಗೆ ಎರಡೇ ದಿನ ಇರುವಾಗ ವೈಕುಂಠ ಏಕಾದಶಿ ಬಂದುಬಿಟ್ಟಿತ್ತು. ಸ್ಕೂಲಿನ ರಜೆ, ಹೊಸ ವರ್ಷ, ಏಕಾದಶಿ ಮೂರನ್ನೂ ಒಂದೇ ಒಲೆಯ ಮೇಲಿಟ್ಟು ಬೇಯಿಸಲು ಪಾರ್ಕಿನವರು ಹೊರಟಿದ್ದರು. ‘ವೈಕುಂಠ ಸಂಭ್ರಮ! ಏಳು ಬಾಗಿಲು, ಒಂದೇ ಟಿಕೆಟ್! ಹಿರಿಯರಿಗೆ ಪ್ರತ್ಯೇಕ ಸಾಲು, ಹತ್ತೇ ನಿಮಿಷ!’ ಎಂದು ಫ್ಲೆಕ್ಸಿನ ಮೇಲೆ ಬರೆದಿತ್ತು.

ಆ ‘ಹತ್ತೇ ನಿಮಿಷ’ವೇ ಕೋದಂಡರಾಮಯ್ಯನವರನ್ನು ದೊಡ್ಡಬಳ್ಳಾಪುರದಿಂದ ಇಲ್ಲಿಗೆ ಎಳೆದು ತಂದದ್ದು.

ಅವರು ನಾಲ್ಕು ಮಗ್ಗದ ನೇಕಾರರು. ಊರಿನಲ್ಲಿ ಅವರಿಗೆ ಬಾಯಿಗಿಂತ ಕಿವಿಗೆ ಹೆಸರು. ರಾಮಮಂದಿರದಲ್ಲಿ ಪ್ರತಿ ಶನಿವಾರ ಕಾವ್ಯವಾಚನ ನಡೆದರೆ ಮೂರನೆಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ಏಳು ವರ್ಷದವರಾಗಿ ಅಪ್ಪನ ತೊಡೆಯ ಮೇಲೆ ಕೂತಾಗಿನಿಂದ ಅದೇ ಕಂಬ. ಓದುವವರು ಒಂದು ಮಾತ್ರೆ ತಪ್ಪಿದರೆ ಇವರು ಏನೂ ಹೇಳುತ್ತಿರಲಿಲ್ಲ, ತಲೆ ಎತ್ತುತ್ತಿದ್ದರು ಅಷ್ಟೆ. ಓದುವವರು ಬೆವರೊರೆಸಿಕೊಂಡು ಆ ಸಾಲನ್ನು ಮತ್ತೆ ಓದುತ್ತಿದ್ದರು. “ನೀವೂ ಒಂದು ಸಂಧಿ ಓದ್ರಲ್ಲ” ಎಂದು ಯಾರಾದರೂ ಅಂದರೆ, “ಓದೋರು ಸಿಗ್ತಾರೆ. ಕೇಳೋರೂ ಬೇಕಲ್ಲಪ್ಪ” ಎಂದು ನಕ್ಕುಬಿಡುತ್ತಿದ್ದರು. ಒಳಗೊಳಗೆ ಆಸೆ ಇರಲಿಲ್ಲವೆಂದಲ್ಲ. ಮಗ್ಗದ ಮುಂದೆ ನಿಂತಾಗ, ಲಾಳಿಯ ಸದ್ದು ಮೂರು-ನಾಲ್ಕು, ಮೂರು-ನಾಲ್ಕು ಎಂದು ಷಟ್ಪದಿಯ ನಡಿಗೆಗೆ ಬಿದ್ದಾಗ, ಯಾರಿಗೂ ಕೇಳಿಸದಂತೆ ಗುನುಗುತ್ತಿದ್ದರು.

ಇಂಥ ಕಿವಿಯ ಮನುಷ್ಯನಿಗೆ ಒಂದು ಮಾತು ಕೇಳಿಸಲು ನಲವತ್ತೊಂದು ವರ್ಷ ಬೇಕಾಯಿತು.

ತಿಂಗಳ ಹಿಂದೆ ಅಕ್ಕಯ್ಯಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಈ ವರ್ಷದ ಏಕಾದಶಿಗೆ ದೇವಸ್ಥಾನದಲ್ಲಿ ಉತ್ತರದ ಬಾಗಿಲಿಗೆ ಏನೇನು ಅಲಂಕಾರ ಎಂದು ಇವರು ವರ್ಣಿಸುತ್ತಿದ್ದರು. ಎಲ್ಲ ಕೇಳಿ ಅಕ್ಕಯ್ಯಮ್ಮ, “ನೀವ್ ಪ್ರತಿ ವರ್ಷ ಹೋಗಿ ಬಂದು ಹೇಳ್ತೀರ. ಆ ಬಾಗ್ಲು ಹೆಂಗಿರುತ್ತೆ ಅಂತ ನಾನೊಂದ್ ಸಲಾನೂ ಕಣ್ಣಲ್ಲಿ ನೋಡ್ಲಿಲ್ಲ” ಎಂದರು. ದೂರಿನ ದನಿಯಲ್ಲ. ಹೇಳಿ, ಹುಳುಕು ಕಾಯೊಂದನ್ನು ಪಕ್ಕಕ್ಕೆಸೆದು, ಮುಂದಿನದನ್ನು ಕೈಗೆತ್ತಿಕೊಂಡರು.

ಹೌದಲ್ಲ! ಏಕಾದಶಿಯ ದಿನ ಇವರು ಬೆಳಗಿನ ಜಾವ ಬಾಗಿಲು ದಾಟಿ, ಇಡೀ ದಿನ ವಾಚನ ಕೇಳಿ ಕೂರುತ್ತಿದ್ದರು. ಮಾರನೆಯ ದಿನ ದ್ವಾದಶಿಯ ಪಾರಣೆಗೆ ಓದುವವರ ತಂಡವೆಲ್ಲ ಇವರ ಮನೆಗೇ ಊಟಕ್ಕೆ. ಅಗಸೆ ಸೊಪ್ಪು ಬಿಡಿಸುವುದು, ಬೇಳೆ ಆರಿಸುವುದು, ತೆಂಗಿನಕಾಯಿ ತುರಿಯುವುದು, ಉಪವಾಸದ ಹೊಟ್ಟೆಯಲ್ಲೇ ಇಪ್ಪತ್ತು ಜನಕ್ಕೆ ಅಣಿ ಮಾಡುವುದು ಅಕ್ಕಯ್ಯಮ್ಮನ ಪಾಲು. ಇವರು ನಲವತ್ತೊಂದು ಸಲ ವೈಕುಂಠದ ಬಾಗಿಲು ದಾಟಿದ್ದಾರೆ, ಅವರು ಒಂದು ಸಲವೂ ಇಲ್ಲ. ಈಗ ಅವರ ಮಂಡಿ ಸವೆದಿದೆ, ಸಂಕ್ರಾಂತಿ ಕಳೆದ ಮೇಲೆ ಆಪರೇಶನ್. ದೇವಸ್ಥಾನದ ಸಾಲಿನಲ್ಲಿ ಐದು ಗಂಟೆ ನಿಲ್ಲುವುದಾಗಲಿ, ಮೆಟ್ಟಿಲು ಹತ್ತುವುದಾಗಲಿ ಸಾಧ್ಯವೇ ಇಲ್ಲ.

ಆ ಮಧ್ಯಾಹ್ನ ಕೋದಂಡರಾಮಯ್ಯನವರು ಅವರೆಕಾಳಿನ ಸಾರನ್ನೂ ಅರ್ಧಕ್ಕೇ ಬಿಟ್ಟು ಎದ್ದರು. ಈ ಏಕಾದಶಿಗೆ ಇವಳನ್ನು ಬಾಗಿಲು ದಾಟಿಸಲೇಬೇಕು ಎಂದು ನಿಶ್ಚಯಿಸಿದರು. ದ್ವಾದಶಿಯ ಅಡುಗೆಯನ್ನು ಹೋಟೆಲಿನವರಿಗೆ ಒಪ್ಪಿಸಿದರು. ಮೇಘನ ಫೋನಿನಲ್ಲಿ ತಡಕಾಡಿ ನಂದನಲೋಕವನ್ನು ಹುಡುಕಿಕೊಟ್ಟಳು.

“ಅಪ್ಪಾ, ಅದು ನೀರಾಟದ ಪಾರ್ಕು ಕಣಪ್ಪಾ,” ಎಂದ ಮಗ ಸಂತೋಷ್.

“ಫೋನ್ ಮಾಡಿ ಕೇಳಿದೀನಿ. ಪೂಜಾರ್ರು ಬರ್ತಾರೆ, ಉತ್ಸವಮೂರ್ತಿ ಬರುತ್ತೆ, ಉತ್ತರಕ್ಕೇ ಬಾಗ್ಲು ಇಡ್ತಾರಂತೆ. ಅಲ್ದೆ ಟಿಕೆಟ್ ಇಟ್ಟವ್ರೆ. ಟಿಕೆಟ್ ಅಂದ್ರೆ ಜನಕ್ಕೆ ಲೆಕ್ಕ ಇರುತ್ತೆ. ಹಣಿಗೇಲಿ ಹಲ್ಲಿನ ಲೆಕ್ಕಕ್ಕೆ ತಕ್ಕಷ್ಟೇ ಎಳೆ.”

ಅರವತ್ತಾರು ವರ್ಷದ ನೇಕಾರ ಮಾತ್ರ ಮಾಡಬಹುದಾದ ತಪ್ಪು ಅದು. ಎಳೆಗಳು ಹಾಯುವ ಬಾಚಣಿಗೆಯಂಥ ಮಗ್ಗದ ಹಣಿಗೆಯಲ್ಲಿ ಒಂದು ಸಂದಿಗೆ ಎರಡು ಎಳೆ ಎಂದರೆ ಎರಡೇ. ಮೂರನೆಯದನ್ನು ತುರುಕಿದರೆ ಬಟ್ಟೆಯೇ ಹೇಳಿಬಿಡುತ್ತದೆ. ಹಣಿಗೆ ನೋಡದೆಯೇ ಎಳೆ ಮಾರುವವರೂ ಲೋಕದಲ್ಲಿದ್ದಾರೆಂದು ಅವರಿಗೆ ಹೊಳೆಯಲಿಲ್ಲ.

ಸೀರೆ ಸಾಗಿಸುವ ಓಮ್ನಿಯಲ್ಲಿ ಸಂತೋಷ್ ಮೂವರನ್ನೂ ಬೆಳಗ್ಗೆ ಒಂಬತ್ತಕ್ಕೆ ಇಳಿಸಿ ಹೋದ. ಹನ್ನೊಂದು ಗಂಟೆಗೆ ಅವರು ಮೊದಲನೆಯ ಬಾಗಿಲು ದಾಟಿದರು.

ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳದಷ್ಟು ಜನ. ಸಾಮಾನ್ಯರ ಸಾಲಿಗಿಂತ ಹಿರಿಯರ ಸಾಲೇ ಎರಡು ಪಟ್ಟು ಉದ್ದವಿತ್ತು. ಕಾರಣವನ್ನು ಹಿಂದೆ ನಿಂತಿದ್ದ ದಪ್ಪ ಮೀಸೆಯವರೊಬ್ಬರು ಗಟ್ಟಿಯಾಗಿ ಎಲ್ಲರಿಗೂ ತಿಳಿಸಿದರು:

“ನೋಡಿ ಸ್ವಾಮಿ, ಒಬ್ಬ ಅಜ್ಜಿ, ಅಜ್ಜಿ ಕೈ ಹಿಡ್ಕೊಳೋಕೆ ಹನ್ನೆರಡು ಜನ! ಆ ಅಜ್ಜಿಗೆ ಇರೋದೇ ಎರಡು ಕೈ!”

ಅವರು ಹೊಸಕೋಟೆಯ ಜವರಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಜನದಟ್ಟಣೆ ಎಂಬುದು ಅವರಿಗೆ ವಿದ್ಯೆ. ಆ ವಿದ್ಯೆಗೆ ಇಲ್ಲಿ ಅವಮಾನ ಆಗುತ್ತಿದೆ ಎಂಬುದೇ ಅವರ ಸಂಕಟ.

“ಮೂವತ್ತೆರಡು ವರ್ಷ ಸೀಟಿ ಊದಿದೀನಿ. ಐವತ್ತೈದು ಸೀಟಿನ ಬಸ್ಸಿಗೆ ನೂರಿಪ್ಪತ್ತು ತುಂಬಿದೀನಿ, ಇಲ್ಲ ಅನ್ನಲ್ಲ. ಆದ್ರೆ ಟಾಪ್ ಮೇಲೆ ಹತ್ತಿಸ್ದೋನಿಗೆ ಒಳಗೆ ಕಿಟಕಿ ಪಕ್ಕ ಸೀಟೈತೆ ಅಂತ ಯಾವತ್ತಾದ್ರೂ ಹೇಳಿದೀನಾ? ಹೇಳಿಲ್ಲ!”

“ನೀವ್ ಹೇಳಿರಲ್ಲ ಬಿಡಿ,” ಎಂದರು ಕೋದಂಡರಾಮಯ್ಯ. ಬೆಳಗಿನಿಂದ ಅವರು ಆಡಿದ ನಾಲ್ಕನೆಯ ಮಾತು ಅದು.

ಎರಡನೆಯ ಬಾಗಿಲು ದಾಟಿದರೆ ‘ವಿರಜಾ ನದಿ’. ನಿಜವಾದ ವೈಕುಂಠದ ಮುಂದೆ ಹರಿಯುವ ನದಿಯದು, ಅದರಲ್ಲಿ ಮಿಂದವರ ಪಾಪವೆಲ್ಲ ಕಳೆಯುತ್ತದೆ. ಇಲ್ಲಿ ಚಡ್ಡಿ ತೊಟ್ಟ ಗಂಡಸರು ರಬ್ಬರ್ ಟ್ಯೂಬಿನ ಮೇಲೆ ಮಲಗಿ ತೇಲುತ್ತಿದ್ದರು. ಕೋದಂಡರಾಮಯ್ಯ ಕೈಮುಗಿಯಬೇಕೋ ಮುಖ ತಿರುಗಿಸಬೇಕೋ ತಿಳಿಯದೆ, ಮುಖ ತಿರುಗಿಸಿಕೊಂಡೇ ಕೈಮುಗಿದರು. ಮೂರನೆಯ ಬಾಗಿಲಿನ ಬಳಿ ‘ಏಕಾದಶಿ ಸ್ಪೆಷಲ್ ಪಿಜ್ಜಾ, ಈರುಳ್ಳಿ ಇಲ್ಲ’ ಎಂದು ಕೂಗುತ್ತಿದ್ದರು.

“ಅಜ್ಜೀ, ಇದನ್ನ ತಿನ್ಬೋದಂತೆ ನೋಡು,” ಎಂದು ಮೇಘನ ಕಿಚಾಯಿಸಿದಳು.

“ಈರುಳ್ಳಿ ಒಂದ್ ಬಿಟ್ರೆ ಉಪವಾಸ ಆಗೋದಾಗಿದ್ರೆ ನಿಮ್ಮಪ್ಪ ಇಷ್ಟೊತ್ತಿಗೆ ಋಷಿ ಆಗಿರೋನು,” ಎಂದರು ಅಕ್ಕಯ್ಯಮ್ಮ. ನಗುನಗುತ್ತಲೇ ಕಬ್ಬಿಣದ ಕಂಬಿ ಹಿಡಿದು ಬಲಗಾಲಿನ ಭಾರವನ್ನು ಎಡಗಾಲಿಗೆ ಹಾಕಿದರು. ಕೋದಂಡರಾಮಯ್ಯ ನೋಡಿದರು. ಗಂಟೆಗೊಂದು ಸಲ ಬದಲಾಗುತ್ತಿದ್ದ ಕಾಲು ಈಗ ಐದು ನಿಮಿಷಕ್ಕೊಮ್ಮೆ ಬದಲಾಗುತ್ತಿತ್ತು.

“ಕೂತ್ಕೊಳೋಕೆ ಒಂದು ಕುರ್ಚಿ ಕೊಡ್ತೀರೇನಮ್ಮಾ?” ಎಂದು ಅವರು ಪಾರ್ಕಿನ ಟೀ ಶರ್ಟು ತೊಟ್ಟಿದ್ದ ಹುಡುಗಿಯೊಬ್ಬಳನ್ನು ಕೇಳಿದರು.

“ಕುರ್ಚಿ ವಿಐಪಿ ಪಾಸಿನವ್ರಿಗೆ ಅಂಕಲ್.”

“ವೈಕುಂಠದಲ್ಲಿ ವಿಐಪಿ ಯಾರಮ್ಮಾ?”

ಹುಡುಗಿ ನಿಜಕ್ಕೂ ಯೋಚಿಸಿದಳು. “ಅವ್ರಿಗೆ ನೇರಳೆ ಬಣ್ಣದ ಪಟ್ಟಿ ಇರುತ್ತೆ ಅಂಕಲ್,” ಎಂದಳು.

ನಾಲ್ಕನೆಯ ಬಾಗಿಲು ‘ಕ್ಷೀರಸಾಗರ’. ಅಲ್ಲಿ ಎರಡು ದೊಡ್ಡ ಯಂತ್ರಗಳು ಆಕಾಶಕ್ಕೆ ಬಾಯಿ ತೆರೆದು ಬಿಳಿಯ ನೊರೆ ಉಗುಳುತ್ತಿದ್ದವು. ಮಕ್ಕಳು ಕುಣಿಯುತ್ತಿದ್ದರು, ಮಕ್ಕಳ ತಂದೆಯರು ಇನ್ನೂ ಜಾಸ್ತಿ ಕುಣಿಯುತ್ತಿದ್ದರು. ಸಾಲು ಅದರ ನಡುವೆಯೇ ಹಾದುಹೋಗಬೇಕು. ಅಕ್ಕಯ್ಯಮ್ಮನ ಹಸಿರು ರೇಷ್ಮೆ ಸೀರೆಯ ಹೆಗಲಿಗೆ ಒಂದು ಬೊಗಸೆ ನೊರೆ ಬಂದು ಕೂತಿತು.

“ರೀ, ಹಾಲಿನ ಸಮುದ್ರ ಸೋಪಿನ ವಾಸ್ನೆ ಬರ್ತಿದೆಯಲ್ರೀ!”

“ಒರೆಸಬೇಡ, ಒರೆಸಬೇಡ, ಸರಿಗೆ ಕಪ್ಪಾಗುತ್ತೆ!” ಎಂದು ಕೋದಂಡರಾಮಯ್ಯ ಚೀರಿದರು. ಅವರು ಚೀರಿದ್ದನ್ನು ಮೇಘನ ಹುಟ್ಟಿದ ಮೇಲೆ ಇದೇ ಮೊದಲು ಕೇಳಿದ್ದು. ಮೊಮ್ಮಗಳು ಫೋನು ಜೇಬಿಗಿಟ್ಟು, ಅಜ್ಜಿಯ ಹೆಗಲಿನ ನೊರೆಯನ್ನು ಕರವಸ್ತ್ರದಿಂದ ಹೂವೆತ್ತಿದಂತೆ ಎತ್ತಿದಳು.

ನಾಲ್ಕು ಗಂಟೆಗೆ ಆರನೆಯ ಬಾಗಿಲಿನ ಮುಂದಿನ ಅಂಗಳ ಸೇರಿದರು. ಅಲ್ಲಿಂದ ಏಳನೆಯದು ಕಾಣುತ್ತಿತ್ತು. ಉಳಿದವೆಲ್ಲ ಥರ್ಮಾಕೋಲಿನವು. ಇದಕ್ಕೆ ಮಾತ್ರ ನಿಜವಾದ ಮರದ ಬಾಗಿಲು, ಮಾವಿನ ತೋರಣ, ಒಳಗೆ ದೀಪ, ದೀಪದ ಆಚೆ ಕಪ್ಪಗೆ ಮಿನುಗುವ ಮೂರ್ತಿ. ಅಕ್ಕಯ್ಯಮ್ಮ ತುದಿಗಾಲಲ್ಲಿ ನಿಂತು ನೋಡಿ, “ಅದೇ ಏನ್ರೀ?” ಎಂದರು.

“ಅದೇ.”

ಅವರು ಹೇಳಿ ಮುಗಿಸುವಷ್ಟರಲ್ಲಿ ಮೈಕು ಗೊರಗುಟ್ಟಿತು. ವಿಪರೀತ ಜನಸಂದಣಿಯ ಕಾರಣ ಏಳನೆಯ ಬಾಗಿಲನ್ನು ಮುಚ್ಚಲಾಗಿದೆ. ದಯವಿಟ್ಟು ಎಡಗಡೆಯ ದಾರಿಯಿಂದ ಹೊರಹೋಗಿ. ಇದೇ ಟಿಕೆಟ್ ತೋರಿಸಿದವರಿಗೆ ನಾಳೆಯ ನೊರೆ ನೃತ್ಯಕ್ಕೆ ಉಚಿತ ಪ್ರವೇಶ.

ಅಂಗಳದಲ್ಲಿ ಸಾವಿರ ಬಾಯಿ ಒಟ್ಟಿಗೆ ತೆರೆದವು.

ಅಂಗಳದ ಮೂಲೆಯಲ್ಲಿ ‘ನಿಮ್ಮ ಸಂತೋಷವೇ ನಮ್ಮ ಸಂಕಲ್ಪ’ ಎಂಬ ಬೋರ್ಡಿನ ಕೆಳಗೆ ಒಂದು ಮೇಜಿತ್ತು. ಅದರ ಹಿಂದೆ, ಟೈ ಕಟ್ಟಿ, ಕೈಯಲ್ಲಿ ವಾಕಿಟಾಕಿ ಹಿಡಿದು, ಗೋವಿಂದರಾಜು ಎಂಬ ಮ್ಯಾನೇಜರು ಬಲಿಪಶುವಿನ ಕಣ್ಣಿನಿಂದ ನೋಡುತ್ತಿದ್ದ. ಜನ ಅವನನ್ನು ಮುತ್ತಿಕೊಂಡರು.

“ನಾನೂ ಇಲ್ಲೇ ದೇವನಹಳ್ಳಿ ಕಡೆಯೋನೇ ಸಾರ್, ನಲ್ಲೂರು. ನನ್ನ ಬೈದು ಏನ್ ಪ್ರಯೋಜ್ನ? ಅಲ್ಲಿ ಕೋಡ್ ಅಂಟಿಸಿದೀವಿ, ಸ್ಕ್ಯಾನ್ ಮಾಡಿ ಅಭಿಪ್ರಾಯ ಹಾಕಿ.”

ಮೇಘನ ಸ್ಕ್ಯಾನ್ ಮಾಡಿದಳು. “ತಾತಾ, ‘ನಿಮಗೆ ಎಷ್ಟು ಖುಷಿಯಾಯಿತು’ ಅಂತ ಕೇಳ್ತಿದೆ. ಖುಷಿ, ತುಂಬಾ ಖುಷಿ, ಸ್ವರ್ಗಸುಖ. ಮೂರೇ ಇರೋದು.”

“ಸ್ವರ್ಗಸುಖ ಒತ್ತಮ್ಮಾ, ಇವ್ನನ್ನೂ ಅಲ್ಲಿಗೇ ಕಳಿಸಾಣ!” ಎಂದು ಜವರಪ್ಪ ತೋಳೇರಿಸಿದರು.

ಗೋವಿಂದರಾಜು ಹೆದರಿ ಮೇಜಿನಡಿಯಿಂದ ಒಂದು ಕಟ್ಟು ಕಾಗದ ತೆಗೆದ. “ಲಿಖಿತವಾಗಿ ಕೊಡಿ ಸಾರ್. ಎಲ್ಲಾರ ಪರವಾಗಿ ಒಬ್ರು ಬರ್ಕೊಡಿ. ಮೇಲಿನವ್ರಿಗೆ ಓದಿ ಹೇಳ್ತೀನಿ.”

ಯಾರು ಬರೆಯುವುದು? ಎಲ್ಲರಿಗೂ ಬೈಯಲು ಬರುತ್ತಿತ್ತು, ಬರೆಯಲು ಯಾರೂ ಮುಂದೆ ಬರಲಿಲ್ಲ. ಜವರಪ್ಪನ ಕಣ್ಣು ಕೋದಂಡರಾಮಯ್ಯನವರ ಮೇಲೆ ಬಿತ್ತು. “ನೀವ್ ಬರೀರಿ ಸ್ವಾಮಿ. ನಿಮ್ಮ ಮುಖ ನೋಡಿದ್ರೇನೇ ಅಕ್ಷರ ದುಂಡಗಿರುತ್ತೆ ಅನ್ಸುತ್ತೆ.”

ಕೋದಂಡರಾಮಯ್ಯ ಹಿಂದಕ್ಕೆ ನೋಡಿದರು. ಅಕ್ಕಯ್ಯಮ್ಮ ಕಂಬಿಗೆ ಒರಗಿ, ಮುಚ್ಚಿದ ಬಾಗಿಲನ್ನು ನೋಡುತ್ತಿದ್ದರು. ಕೋದಂಡರಾಮಯ್ಯ ಪೆನ್ನು ತೆಗೆದುಕೊಂಡರು.

ಜನ್ಮದಲ್ಲಿ ಅವರು ಒಂದು ದೂರು ಬರೆದವರಲ್ಲ. ದೂರು ಹೇಗೆ ಶುರುವಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ; ಕಾವ್ಯ ಹೇಗೆ ಶುರುವಾಗುತ್ತದೆಂದು ಗೊತ್ತಿತ್ತು. ಮೊದಲು ‘ಶ್ರೀ’ ಎಂದು ಬರೆದರು. ಇಷ್ಟದೇವತೆಗೆ ನಮಸ್ಕಾರ, ಗುರುಹಿರಿಯರಿಗೆ ನಮಸ್ಕಾರ, ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥನೆ. ಆಮೇಲೆ ಪುರವರ್ಣನೆ: ಹೆದ್ದಾರಿಯ ಬಳಿಯಲ್ಲಿ ಕಂಗೊಳಿಸುವ ನಂದನಲೋಕ, ಅದರ ಮೊದಲನೆಯ ಬಾಗಿಲಿನ ಬಣ್ಣ, ಎರಡನೆಯದರ ಕುಸುರಿ, ದ್ವಾರಪಾಲಕರ ಗದೆ, ಗದೆಯ ಒಳಗಿನ ಬಲ್ಬು. ಎರಡು ಹಾಳೆ ತುಂಬಿತು.

“ಸ್ವಾಮಿ, ಬೈಗುಳ ಎಲ್ಲಿ?” ಎಂದು ಜವರಪ್ಪ ಹೆಗಲ ಮೇಲಿಂದ ಇಣುಕಿದರು.

“ಬರುತ್ತೆ. ಪೀಠಿಕೆ ಇಲ್ದೆ ಹೆಂಗೆ?”

ಗೋವಿಂದರಾಜು ಹಾಳೆ ಎಳೆದುಕೊಂಡು ಓದಿ ಗೊಂದಲಕ್ಕೆ ಬಿದ್ದ. “ಸಾರ್, ಇದು ಹೊಗಳಿಕೆ ಅಲ್ವಾ? ಇದನ್ನ ನಮ್ಮ ಪೇಜಿಗೆ ಹಾಕ್ಬೋದಾ?”

“ಕೊಡಿಲ್ಲಿ, ಮುಂದಿಂದು ಬಾಯಲ್ಲೇ ಹೇಳ್ತೀನಿ, ಬರ್ಕೊಳ್ಳಿ,” ಎಂದು ಕೋದಂಡರಾಮಯ್ಯ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಗದ್ಯದಲ್ಲಿ ಹೇಳಬೇಕೆಂದೇ ಹೊರಟರು. ಆದರೆ ಬೆಳಗಿನಿಂದ ಖಾಲಿ ಹೊಟ್ಟೆ, ಏಳು ಗಂಟೆ ನಿಂತ ಕಾಲು, ಕಿವಿಯಲ್ಲಿ ಆ ನೊರೆ ಯಂತ್ರದ ಸದ್ದು. ಅದು ಯಾವಾಗಲೋ ಮೂರು-ನಾಲ್ಕು, ಮೂರು-ನಾಲ್ಕು ಎಂದು ಮಗ್ಗದ ನಡಿಗೆಗೆ ಬಿದ್ದಿತ್ತು. ಬಾಯಿಂದ ಬಂದದ್ದು ಗದ್ಯವಲ್ಲ:

ಸಿರಿಯ ರಮಣನೆ ಕೇಳು ನಿನ್ನಯ
ಪುರದ ಬಾಗಿಲೊಳಿಂದು ನೆರೆದಿಹ
ನರರ ಸಂದಣಿ ಕಂಡು ಹಾಲಿನ ಕಡಲು ಬೆದರಿತಲಾ
ಕರದ ಪಟ್ಟಿಯ ನೋಡಿ ನಗುವರು
ನೆರಳು ನೀರಿಲ್ಲೊಂದು ಕುರ್ಚಿಯು
ದೊರೆಯದೀ ವೈಕುಂಠ ನಿನ್ನದೊ ಪರರದೋ ಪೇಳೈ

ದನಿ ದೊಡ್ಡದಲ್ಲ. ಅರವತ್ತು ವರ್ಷ ಒಳಗೇ ಮಾಗಿದ ದನಿ. ಕೊನೆಯ ಸಾಲನ್ನು ಅವರು ರಾಗವಾಗಿ ಎಳೆದು, ‘ಪೇಳೈ’ ಎಂದು ಇಳಿಸಿದಾಗ ಮೇಜಿನ ಸುತ್ತಲಿನ ಗದ್ದಲ ತಣ್ಣಗಾಯಿತು. ಮೇಘನ ಫೋನು ಎತ್ತಿ ವಿಡಿಯೋ ಮಾಡುತ್ತಿದ್ದಳು.

“ಇನ್ನೊಂದ್ಸಲ ಹೇಳಿ ಸ್ವಾಮಿ!” ಎಂದರು ಯಾರೋ.

“ಅರ್ಥ ಹೇಳ್ರಪ್ಪ!” ಎಂದರು ಹಿಂದಿನವರು.

ವಾಚನವೆಂದರೆ ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು ಇರಬೇಕು. ಆ ಸ್ಥಾನಕ್ಕೆ ಯಾರೂ ಕರೆಯದಿದ್ದರೂ ಜವರಪ್ಪ ಬಂದು ನಿಂತರು.

“ಏನಪ್ಪಾ ಅಂದ್ರೆ, ಸ್ವಾಮ್ಯೋರು ದೇವ್ರನ್ನೇ ನೇರವಾಗಿ ಕೇಳ್ತಾವ್ರೆ. ಲಕ್ಷ್ಮೀಪತಿಯೇ, ನಿನ್ನೂರಿನ ಬಾಗ್ಲಲ್ಲಿ ಈ ಪಾಟಿ ಜನ ನೋಡಿ ಹಾಲಿನ ಸಮುದ್ರಾನೇ ಗಾಬರಿ ಬಿದ್ದು ನೊರೆ ಕಾರ್ಕೊಂಡ್ತು. ಕೈಲಿರೋ ಪಟ್ಟಿ ತೋರಿಸಿದ್ರೆ ಇವ್ರು ಹಲ್ಲು ಕಿರೀತಾರೆ. ನೆರಳಿಲ್ಲ, ನೀರಿಲ್ಲ, ಒಂದು ಕುರ್ಚಿ ಇಲ್ಲ. ಇದು ನಿಂದೋ, ಬೇರೆ ಯಾರ್ದೋ, ಬೊಗಳಯ್ಯ ಅಂತ!”

“ಬೊಗಳು ಅಂದಿಲ್ಲ, ಪೇಳು ಅಂದಿದೀನಿ,” ಎಂದರು ಕೋದಂಡರಾಮಯ್ಯ ಗಾಬರಿಯಿಂದ.

“ಭಾವ ಒಂದೇ ಸ್ವಾಮಿ. ನೀವ್ ಮುಂದಕ್ಕೆ ಹೇಳಿ!”

ಅವರು ಅದೇ ಪದ್ಯವನ್ನು ಮತ್ತೊಮ್ಮೆ, ಬೇರೆ ರಾಗದಲ್ಲಿ ಹೇಳಿದರು. ಮುಂದಿನವರು ಚೆನ್ನಾಗಿ ಕೇಳಿಸಲೆಂದು ಕೂತರು. ಮುಂದಿನವರು ಕೂತದ್ದರಿಂದ ಹಿಂದಿನವರಿಗೆ ಕಾಣಿಸಿತು, ಅವರೂ ಕೂತರು. ಉಪವಾಸದ ಕಾಲುಗಳಿಗೆ ಕೂರಲು ಒಂದು ನೆಪ ಬೇಕಿತ್ತು. ನೋಡನೋಡುತ್ತಿದ್ದಂತೆ ಆ ಅಂಗಳ ದೊಡ್ಡಬಳ್ಳಾಪುರದ ರಾಮಮಂದಿರವಾಯಿತು. ಇಬ್ಬರು ಅಜ್ಜಿಯರು ಹೂಬತ್ತಿ ಹೊಸೆಯಲು ಶುರುಮಾಡಿದರು.

ವಾಕಿಟಾಕಿ ಕರಕರ ಅಂದಿತು. ಗೋವಿಂದರಾಜು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ. “ಸಾರ್, ಜನ ಕೂತ್ಬಿಟ್ಟವ್ರೆ… ಇಲ್ಲ ಸಾರ್, ಧರಣಿ ಅಲ್ಲ, ಕೇಳ್ತಾವ್ರೆ… ಪದ್ಯ ಸಾರ್… ಹೌದು ಸಾರ್, ನಮ್ಮನ್ನ ಬೈಯೋ ಪದ್ಯಾನೇ. ಆದ್ರೆ ಬಾಗಿಲ ಹತ್ರ ಈಗ ಯಾರೂ ಇಲ್ಲ. ಪೂರ್ತಿ ಖಾಲಿ.”

ಆ ಕಡೆಯಿಂದ ಏನೋ ಅಪ್ಪಣೆ ಬಂತು. ಗೋವಿಂದರಾಜು ನಿಟ್ಟುಸಿರು ಬಿಟ್ಟು ಮೈಕಿನಲ್ಲಿ ಹೇಳಿದ: ಸಂಜೆ ಆರು ಗಂಟೆಯವರೆಗೆ ಏಳನೆಯ ಬಾಗಿಲು ತೆರೆದಿರುತ್ತದೆ, ಆರಕ್ಕೆ ಮಂಗಳಾರತಿಯಾಗಿ ಮೂರ್ತಿ ಊರಿಗೆ ಹೊರಡುತ್ತದೆ. ಜನ ಏಳುವ ಮುಂಚೆಯೇ ಜವರಪ್ಪ ಹಾರಿ ನಿಂತು ಎರಡು ಕೈ ಅಗಲಿಸಿದರು.

“ಯಾರೂ ನುಗ್ಬಾರ್ದು! ಮೊದ್ಲು ಮುದುಕ್ರು, ಆಮೇಲೆ ಮಕ್ಳು, ಆಮೇಲೆ ಮುದುಕ್ರ ಹೆಸರಲ್ಲಿ ಬಂದಿರೋರು! ಒಬ್ಬೊಬ್ರೇ! ಚಿಲ್ಲರೆ ಇದ್ದೋರು ಮುಂದೆ… ಥತ್, ಅದಲ್ಲ, ಕಾಲು ನೋವಿರೋರು ಮುಂದೆ! ರೈಟ್!”

ಮೂವತ್ತೆರಡು ವರ್ಷದ ಗಂಟಲು. ಸಾಲು ತಾನಾಗಿಯೇ ನೆಟ್ಟಗಾಯಿತು.

ಗಡಿಯಾರದಲ್ಲಿ ಐದೂವರೆ. ಅಂಗಳದಿಂದ ಬಾಗಿಲಿಗೆ ಬೇರೆಯವರಿಗೆ ಐದು ನಿಮಿಷದ ದಾರಿ. ಅಕ್ಕಯ್ಯಮ್ಮನ ಮಂಡಿಗೆ ಇಪ್ಪತ್ತು ನಿಮಿಷ ಬೇಕು. ಕೋದಂಡರಾಮಯ್ಯ ಹೆಂಡತಿಯ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದರು. ಗೋವಿಂದರಾಜು ಓಡಿಬಂದು ಅಡ್ಡ ನಿಂತ. ಮುಖದಲ್ಲಿ ಬೇರೆಯೇ ಕಳೆ.

“ಸಾರ್, ಒಂದೇ ಒಂದು ಉಪಕಾರ. ಅಲ್ಲಿ ನೋಡಿ, ದೊಡ್ಡ ಸ್ಟೇಜು. ಐದೂವರೆಗೆ ಡಿಜೆ ಬರ್ಬೇಕಿತ್ತು, ಹೆದ್ದಾರೀಲಿ ಸಿಕ್ಕಾಕೊಂಡವ್ನೆ. ಅಲ್ಲಿ ಮೂರು ಸಾವಿರ ಜನ ಕೂಗಾಡ್ತವ್ರೆ. ನೀವ್ ಅರ್ಧ ಗಂಟೆ ಓದ್ಬಿಡಿ. ಮೈಕು, ಲೈಟು, ಹಿಂದುಗಡೆ ಪರದೆ ಮೇಲೆ ನಿಮ್ಮ ಮುಖ ಇಷ್ಟು ದೊಡ್ಡದಾಗಿ ಬರುತ್ತೆ. ನಮ್ಮನ್ನೇ ಬೈರಿ ಸಾರ್, ಪರ್ವಾಗಿಲ್ಲ, ಸಾಹೇಬ್ರು ಒಪ್ಪಿದಾರೆ.”

ಕೋದಂಡರಾಮಯ್ಯ ಸ್ಟೇಜಿನ ಕಡೆ ನೋಡಿದರು. ಬೆಳಕಿನ ನಡುವೆ ಒಂಟಿಯಾಗಿ ನಿಂತ ಮೈಕು. ಅಂಥ ಮೈಕಿನ ಮುಂದೆ ಕೂತವರ ತಪ್ಪನ್ನು ಅವರು ಅರವತ್ತು ವರ್ಷ ತಲೆ ಎತ್ತಿ ತಿದ್ದಿದ್ದರು. ಈಗ ಎರಡನೆಯ ಪದ್ಯ ನಾಲಿಗೆಯ ತುದಿಯಲ್ಲಿತ್ತು. ಕರೆಯದೆಯೇ ಬಂದು, ಪ್ರಾಸವೂ ಸಿಕ್ಕಿ, ಹೊರಗೆ ಬರಲು ಹವಣಿಸುತ್ತಿತ್ತು. ಮೂರನೆಯದರ ಕಾಲಿನ ಸದ್ದು ಕೂಡ ಕೇಳುತ್ತಿತ್ತು. ಕೂತಿದ್ದವರು ಸುತ್ತಿಕೊಂಡರು. “ಓದಿ ಸ್ವಾಮಿ.” “ನಮ್ಮೂರಲ್ಲೂ ಇಂಥ ದನಿ ಕೇಳಿಲ್ಲ.” “ತಾತಾ, ಆಗ್ಲೇ ಹನ್ನೊಂದು ಸಾವಿರ ಜನ ನೋಡಿದಾರೆ ನಿನ್ನ ವಿಡಿಯೋನ,” ಎಂದಳು ಮೇಘನ, ಫೋನು ಎತ್ತಿ ಹಿಡಿದು.

ಅಕ್ಕಯ್ಯಮ್ಮ ಕುಂಟುತ್ತ ಹತ್ತಿರ ಬಂದಿದ್ದರು. ಗೋವಿಂದರಾಜು ಎಲ್ಲಿಂದಲೋ ಒಂದು ಕುರ್ಚಿ ತರಿಸಿದ್ದ, ವಿಐಪಿ ಕುರ್ಚಿ. ಅವರು ಅದರ ಬೆನ್ನು ಹಿಡಿದು ನಿಂತು, ಗಂಡನ ಮುಖವನ್ನು ಓದಿದರು. ಅಕ್ಕಯ್ಯಮ್ಮನ ಮುಖದಲ್ಲಿ ಬೇಸರವಿರಲಿಲ್ಲ, ಹೆಮ್ಮೆಯಿತ್ತು. ಅದೇ ಕೋದಂಡರಾಮಯ್ಯನವರಿಗೆ ತಡೆಯಲಾರದ್ದಾಯಿತು.

“ಹೋಗಿ ಓದ್ರೀ,” ಎಂದರು ಅಕ್ಕಯ್ಯಮ್ಮ. “ಇಷ್ಟ್ ಜನ ಕೇಳ್ತವ್ರೆ. ಇಲ್ಲಿಂದ್ಲೇ ದೀಪ ಕಾಣ್ಸುತ್ತೆ, ಇಲ್ಲೇ ಕೈ ಮುಗಿದ್ರಾಯ್ತು ಬಿಡಿ.” ಹೇಳುತ್ತ ಕುರ್ಚಿಯನ್ನು ಸ್ಟೇಜಿನ ಕಡೆಗೆ ತಿರುಗಿಸಿಕೊಂಡು, ಸೆರಗು ಎಳೆದುಕೊಂಡು, ಕೂರಲು ಬಗ್ಗಿದರು.

ಕೋದಂಡರಾಮಯ್ಯ ಹೆಂಡತಿಯ ರಟ್ಟೆ ಹಿಡಿದು, ಕೂರಲು ಬಿಡದೆ, ಮೇಲಕ್ಕೆತ್ತಿದರು. ಇನ್ನೊಂದು ಕೈಯಿಂದ ಆ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಅಕ್ಕಯ್ಯಮ್ಮನ ಭಾರವೆಲ್ಲ ತಮ್ಮ ಹೆಗಲಿಗೆ ಬರುವಂತೆ ಅವರ ಕೈಯನ್ನು ಕುತ್ತಿಗೆಯ ಸುತ್ತ ಹಾಕಿಕೊಂಡು ಏಳನೆಯ ಬಾಗಿಲಿನ ಕಡೆಗೆ ತಿರುಗಿದರು. ಇಷ್ಟು ಜನರ ಎದುರಿಗೆ ಹೀಗೆ ಎಂದು ಅಕ್ಕಯ್ಯಮ್ಮ ನಾಚಿ ಕೈ ಬಿಡಿಸಿಕೊಳ್ಳಲು ನೋಡಿದರು; ಅವರು ಬಿಡಲಿಲ್ಲ.

ಗೋವಿಂದರಾಜು ಮೈಕನ್ನೇ ಕಿತ್ತು ತಂದು ಮುಂದೆ ಹಿಡಿದ. “ಸಾರ್, ಅರ್ಧ ಗಂಟೆ ಬೇಡ. ಕಾಲು ಗಂಟೆ. ಒಂದೇ ಪದ್ಯ. ಬಾಗಿಲನ್ನ ಮುಂದಿನ ವರ್ಷಾನೂ ಇಡ್ತೀವಿ ಸಾರ್, ಅಮ್ಮನಿಗೆ ನೇರಳೆ ಪಟ್ಟಿ ಈಗ್ಲೇ ಕೊಡಿಸ್ತೀನಿ. ಇಷ್ಟು ಜನ ಬೇಡ್ಕೋತಾ ಇದೀವಿ, ದಯವಿಟ್ಟು ಓದಿ ಸಾರ್.”

“ಓದಲ್ಲ,” ಎಂದರು ಕೋದಂಡರಾಮಯ್ಯ.